ಹಗೇವಿಗಿಳಿಯುತ್ತಿದ್ದ ಮುತ್ಯಾ

ಅವನ ಮೊಣಕೈ, ಮೊಣಕಾಲುಗಳ ಮೇಲೆ ಎತ್ತಿನ ಹೆಗಲಿನ ಹಾಗೆ ಜಡ್ಡು ಕಟ್ಟಿತ್ತು. ಹರೆಯದಿಂದ ಹಗೇವಿನ ಗೋಡೆಗೆ ಮೈ ಆನಿಸಿ ಇಳಿದು ಹತ್ತಿದ ಗುರುತು ಅದು. ಇನ್ನೊಂದು ಗುರುತು ಅವನ ವಾಸನೆ. ವರ್ಷಗಟ್ಟಲೆ ನೆಲದೊಳಗೆ ಮುಚ್ಚಿಟ್ಟ ಜೋಳದ ಹುಳಿ ವಾಸನೆ ಅವನ ಕೂದಲಲ್ಲಿ, ತಲೆಗೆ ಸುತ್ತಿದ ಪಟಗದಲ್ಲಿ, ಬೆವರಿನಲ್ಲಿ ಕೂತುಬಿಟ್ಟಿತ್ತು. ಕಣ್ಣು ಮಂದವಾಗಿದ್ದ ನಮ್ಮ ಅತ್ತೆ ಅವನು ಓಣಿಯ ತಿರುವಿನಲ್ಲಿರುವಾಗಲೇ ಒಳಗಿನಿಂದ, ಮುತ್ಯಾ ಬಂದ, ನೀರು ತುಂಬಿಡು ಎನ್ನುತ್ತಿದ್ದರು.

ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ಮರಿಮೊಮ್ಮಗಳಿಗೆ ವಿವರಿಸಲು ಹೋದರೆ, ಸೆಪ್ಟಿಕ್ ಟ್ಯಾಂಕೇನು ಎಂದು ಕೇಳಿದಳು. ನೆಲದ ಕೆಳಗೆ ಎರಡಾಳು ಆಳದ ಕೋಣೆ ಎಂದುಕೊಳ್ಳಿ, ಬಾಯಿ ಮಾತ್ರ ಒಬ್ಬ ಮನುಷ್ಯ ಹಿಡಿಸುವಷ್ಟು. ಗೋಡೆಗೆಲ್ಲ ಒಣಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಬೂದಿ ಬೇವಿನೆಲೆ ಹರಡಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಐದಾರು ವರ್ಷ ಕಾಳು ಕೆಡುವುದಿಲ್ಲ. ನಿಜಾಮರ ಕಾಲದಲ್ಲಿ ಸೇಡಂ ಕಡೆ ಉಂಡು ಉಡುವ ಮನೆಗೊಂದು ಹಗೇವು, ಊರಿಗೊಬ್ಬ ಅದಕ್ಕೆ ಇಳಿಯುವವನು. ಕಾಗಿಣಾ ದಂಡೆಯ ನಮ್ಮ ಊರಿಗೆ ಇವನು. ಹಗೇವಿನ ಮುತ್ಯಾ ಎಂದು ಎಲ್ಲರೂ ಕರೆಯುತ್ತಿದ್ದರು. ಹೆಂಡತಿ ತೀರಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಶಹಾಬಾದದ ಕಲ್ಲಿನ ಗಣಿಗೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಊರ ಹೊರಗಿನ ಹುಣಸೆಮರದ ಬುಡದಲ್ಲಿ ಅವನ ಗುಡಿಸಲು.

ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ಅವಸರಪಟ್ಟು ಇಳಿದವರು ಜೀವಂತ ಮೇಲೆ ಬಂದಿಲ್ಲ. ಅದಕ್ಕೇ ಮುತ್ಯಾ ಹಿಂದಿನ ದಿನವೇ ಬಂದು ಕಲ್ಲು ಸರಿಸಿ, ಬಾಯಿ ತೆರೆದಿಟ್ಟು ಹೋಗುತ್ತಿದ್ದ. ಆ ವಾಸನೆ ಇಡೀ ಓಣಿಗೆ ಹಬ್ಬಿ, ಇಂಥವರ ಮನೆಯಲ್ಲಿ ಹಗೇವು ತೆಗೆದಿದ್ದಾರೆ ಎಂದು ಡಂಗುರ ಸಾರಿದಂತಾಗುತ್ತಿತ್ತು. ಮರುದಿನ ಹಗ್ಗಕ್ಕೆ ಬೇವಿನ ಟೊಂಗೆ ಕಟ್ಟಿ ಒಳಗೆ ಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಕದಡುತ್ತಿದ್ದ. ಆಮೇಲೆ ಹಣತೆ ಹಚ್ಚಿ ಇಳಿಬಿಡುತ್ತಿದ್ದ. ದೀಪ ಆರಿತೋ, ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ. ಮನೆಯ ಯಜಮಾನ ಎಷ್ಟೇ ಗಡಿಬಿಡಿ ಮಾಡಲಿ, ಅಂದು ಮದುವೆಯ ಊಟವೇ ಇರಲಿ, ದೀಪ ತಳಮುಟ್ಟಿ ಉರಿಯುವವರೆಗೆ ಅವನು ಏಳುತ್ತಿರಲಿಲ್ಲ. "ದೀಪ ಉಳದ್ರ ನಾ ಉಳೀತೀನಿ. ಅದಕ್ಕ ಅವಸರ ಇಲ್ಲಂದ್ರ ನನಗ್ಯಾಕ?" ಎನ್ನುತ್ತಿದ್ದ.

ನಾನು ಚಿಂಚೋಳಿ ಕಡೆಯ ಹುಡುಗಿ. ಹದಿನೈದಕ್ಕೆ ಈ ಊರಿಗೆ ಸೊಸೆಯಾಗಿ ಬಂದೆ. ನಾಲಿಗೆ ಆಗಲೂ ಉದ್ದ, ಈಗಲೂ ಉದ್ದ. ಬಂದ ಹೊಸತರಲ್ಲೇ ಮುತ್ಯಾನನ್ನು ಕೆಣಕಲು, ಪಾಟೀಲರ ಹಗೇವು ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಜೋಳ ಎಂದು ಕೇಳಿದ್ದೆ. ಅವನು ಹೊಟ್ಟೆ ತಟ್ಟಿ ತೋರಿಸಿ, "ಇದೂ ಒಂದು ಹಗೇವs, ಯವ್ವಾ. ಬಾಯಿಗಿ ಕಲ್ಲು ಹಾಕೀನಿ" ಎಂದ. ಊರಿನಲ್ಲಿ ಯಾರ ಕಾಳು ಎಲ್ಲಿದೆ ಎಂದು ಪೂರ್ತಿ ಬಲ್ಲವನು ಅವನೊಬ್ಬನೇ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋದದ್ದು ಯಾರಿಗೂ ನೆನಪಿರಲಿಲ್ಲ. ನಮ್ಮ ಮಾವನವರಂತೂ ಸ್ವಂತ ತಮ್ಮನಿಗಿಂತ ಅವನನ್ನು ನಂಬಿದ್ದರು. ನನ್ನ ಮದುವೆಯಾದ ಎರಡನೆಯ ವರ್ಷ ಅವರು ತೀರಿಕೊಂಡಾಗ ಮುತ್ಯಾ ಮೂರು ದಿನ ನಮ್ಮ ಕಟ್ಟೆ ಬಿಟ್ಟು ಏಳಲಿಲ್ಲ.

ಅದರ ಮರುವರ್ಷವೇ ಹಾವಳಿ ಶುರುವಾಯಿತು. ಹೊರಗೆ ದೇಶ ಸ್ವತಂತ್ರವಾಗಿತ್ತು, ನಾವು ಒಳಗೇ ಉಳಿದಿದ್ದೆವು. ನಿಜಾಮರು ಭಾರತದಲ್ಲಿ ಕೂಡಲಿಲ್ಲವೆಂದು ಹೊರಗಿನವರು ಗಡಿ ಬಂದ್ ಮಾಡಿದರು. ವಾಡಿಗೆ ಬರುವ ರೈಲಿನಲ್ಲಿ ಉಪ್ಪು ಬರುವುದು ನಿಂತಿತು, ಚಿಮಣಿ ಎಣ್ಣೆ ನಿಂತಿತು, ಜ್ವರದ ಗುಳಿಗೆ ನಿಂತಿತು. ಒಳಗೆ ಬಂದೂಕಿನವರು ಹುಟ್ಟಿಕೊಂಡರು. ಸರ್ಕಾರಕ್ಕೆ ಕೊಡಬೇಕಾದ ಕಾಳಿನ ಲೆವಿಯ ಹೆಸರಿನಲ್ಲಿ ಒಮ್ಮೆ, ಹೆಸರಿಲ್ಲದೆ ಇನ್ನೊಮ್ಮೆ ಬಂದು ಕಣದಿಂದಲೇ ಜೋಳ ಹೊತ್ತೊಯ್ದರು. ಹರೆಯದ ಗಂಡಸರು ಒಬ್ಬೊಬ್ಬರಾಗಿ ಗಡಿ ದಾಟಿ ಸೊಲ್ಲಾಪುರದ ಕಡೆಯ ಹೋರಾಟದ ಶಿಬಿರಗಳಿಗೆ ಹೋದರು. ನನ್ನ ಗಂಡನೂ ಯುಗಾದಿಯ ಮರುದಿನ ಚಿತ್ತಾಪುರಕ್ಕೆ ಸಂತೆಗೆ ಹೋಗುವವರ ಹಾಗೆ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಮನೆಯಲ್ಲಿ ಉಳಿದವರು ಅತ್ತೆ, ನಾನು, ಒಂದೂವರೆ ವರ್ಷದ ಮಗಳು.

ಅವರು ಹೋದ ಮೇಲೆ ಮುತ್ಯಾ ವಾರಕ್ಕೊಮ್ಮೆ ಬರತೊಡಗಿದ. ಕಟ್ಟೆಯ ಮೇಲೆ ಕೂತು ನೀರು ಕುಡಿದು ನನ್ನ ಗಂಡನ ಬಗ್ಗೆ ಒಂದೇ ಮಾತು ಕೇಳುತ್ತಿದ್ದ. "ಮಗಂದು ಏನರ ಸುದ್ದಿ ಬಂತೇನವ್ವಾ? ಎಲ್ಲದಾನಂತ?" ಮೊದಲ ವಾರ ಅಕ್ಕರೆ ಎಂದುಕೊಂಡೆ. ನಾಲ್ಕನೆಯ ವಾರಕ್ಕೆ ನನಗೆ ಸಂಶಯ ಬಂತು. ಗಡಿ ದಾಟಿದವರ ಸುದ್ದಿ ಯಾರಿಗೆ ಬೇಕು? ಬಂದೂಕಿನವರಿಗೆ ಬೇಕು. ನಾನು ಸುದ್ದಿ ಇಲ್ಲವೆಂದು ಹೇಳಿ ಬಾಗಿಲು ಮುಂದಕ್ಕೆ ಎಳೆದುಕೊಳ್ಳತೊಡಗಿದೆ.

ಆ ತಿಂಗಳೇ ಬಂದೂಕಿನವರು ನಮ್ಮ ಮನೆಗೆ ನುಗ್ಗಿದರು. ಅತ್ತೆಯನ್ನೂ ನನ್ನನ್ನೂ ಒಳಕೋಣೆಗೆ ಹಾಕಿ ಚಿಲಕ ಜಡಿದರು. ಅಂಗಳದಲ್ಲಿ ಕೊಡಗಟ್ಟಲೆ ನೀರು ಸುರಿದ ಸಪ್ಪಳ ಕೇಳಿತು. ಕೈಕಾಲು ತೊಳೆಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗುದ್ದಲಿ ಸಪ್ಪಳ. ಹೊರಗೆ ಬಂದು ನೋಡಿದರೆ ಅಂಗಳದ ಹಗೇವು ಬಾಯಿ ತೆರೆದುಕೊಂಡು ಬರಿದಾಗಿ ಬಿದ್ದಿತ್ತು. ಅದರ ಮೇಲೆ ಕಲ್ಲು ಹಾಸಿ, ಸೆಗಣಿ ಸಾರಿಸಿ, ತುಳಸಿಕುಂಡ ಇಟ್ಟಿದ್ದೆವು. ಆದರೂ ನೆಟ್ಟಗೆ ಅಲ್ಲಿಗೇ ಅಗೆದಿದ್ದರು.

ಮರುದಿನ ಬಾವಿಕಟ್ಟೆಯಲ್ಲಿ ನಾನು ಆಡಿದ ಮಾತನ್ನು ಅಂದಂತೆಯೇ ಬರೆಯುತ್ತೇನೆ. "ನಮ್ಮ ಹಗೇವಿನ ಜಾಗ ನಮ್ಮನ್ನ ಬಿಟ್ರ ಇನ್ನೊಬ್ಬಗs ಗೊತ್ತಿತ್ತು. ಆ ಇನ್ನೊಬ್ಬ ವಾರಕ್ಕೊಮ್ಮಿ ಬಂದು ನನ್ನ ಗಂಡ ಎಲ್ಲದಾನಂತ ಕೇಳ್ತಾನ." ಇಷ್ಟೇ ಅಂದದ್ದು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸಂಜೆಯೊಳಗೆ ಮಾತು ಊರು ಸುತ್ತಿತು.

ಅಲ್ಲಿಂದ ಮುಂದೆ ಅವನೊಂದಿಗೆ ಯಾರೂ ಮಾತಾಡಲಿಲ್ಲ. ಬಾವಿಯಲ್ಲಿ ಅವನ ಕೊಡಕ್ಕೆ ಯಾರೂ ಹಗ್ಗ ಕೊಡಲಿಲ್ಲ. ಕ್ಷೌರಿಕ ಅವನ ತಲೆ ಮುಟ್ಟಲಿಲ್ಲ. ಒಮ್ಮೆ ಬಂದೂಕಿನವರು ಅವನನ್ನು ತಾವು ಬಿಡಾರ ಹೂಡಿದ್ದ ಚಾವಡಿಗೆ ಕರೆದೊಯ್ದು ಎರಡು ದಿನ ಇಟ್ಟುಕೊಂಡರು. ಅಲ್ಲಿ ಅವನಿಗೆ ಕೋಳಿ ಊಟ ಹಾಕುತ್ತಿದ್ದಾರೆ ಎಂದು ಊರು ಆಡಿಕೊಂಡಿತು, ಆ ಊರಿನಲ್ಲಿ ನಾನೂ ಇದ್ದೆ. ಅವನು ಬಲಗೈಯನ್ನು ಪಟಗದೊಳಗೆ ಸುತ್ತಿಕೊಂಡು ಗುಡಿಸಲಿಗೆ ವಾಪಸು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಇಷ್ಟಾದರೂ ವಾರಕ್ಕೊಮ್ಮೆ ಬರುವುದನ್ನು ಅವನು ಬಿಡಲಿಲ್ಲ. ನಾನು ಬಾಗಿಲು ತೆರೆಯುತ್ತಿರಲಿಲ್ಲ. ಅವನು ಹೊರಗೆ ನಿಂತೇ ಸುದ್ದಿ ಬಂತೇ ಎಂದು ಕೇಳಿ, ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ.

ಮುಂಗಾರು ಬಂತು. ಬಿತ್ತಲು ಆಳೂ ಇಲ್ಲ, ಬೀಜವೂ ಇಲ್ಲ. ಆಷಾಢದ ಹೊತ್ತಿಗೆ ಓಣಿಯಲ್ಲಿ ಬೀಸುವ ಕಲ್ಲಿನ ಸಪ್ಪಳ ಪೂರ್ತಿ ನಿಂತುಹೋಯಿತು. ಅದಕ್ಕಿಂತ ಒಂಟಿಯಾದ ಬೆಳಗನ್ನು ನಾನು ಮತ್ತೆ ನೋಡಿಲ್ಲ. ಹುಟ್ಟಿದಾಗಿನಿಂದ ಎಚ್ಚರವಾಗುವಾಗ ಯಾವುದೋ ಮನೆಯಲ್ಲಿ ಬೀಸುವ ಹಾಡು ಕೇಳಿಸುತ್ತಿತ್ತು. ಈಗ ಕಣ್ಣು ಬಿಟ್ಟರೆ ಊರೇ ಇಲ್ಲದ ಹಾಗೆ. ಹುಣಸೆಬೀಜ ಹುರಿದು ನೆನೆಹಾಕಿ ಬೇಯಿಸಿದೆವು. ಹಿತ್ತಲಿನ ಸೊಪ್ಪು ಉಪ್ಪಿಲ್ಲದೆ ಕುದಿಸಿದೆವು. ಅತ್ತೆ ಸೋಮವಾರ ಉಪವಾಸ ಎನ್ನುತ್ತಿದ್ದವರು ಮಂಗಳವಾರವೂ ಉಪವಾಸವೆಂದರು, ಬುಧವಾರವೂ ಅಂದರು. ಮಗಳು ಮೊದಮೊದಲು ಹಸಿವೆಂದು ಅಳುತ್ತಿದ್ದಳು. ಆಮೇಲೆ ಅಳುವುದನ್ನು ಬಿಟ್ಟಳು. ಅಳು ನಿಂತಾಗ ನನಗೆ ಜೀವ ಹೋದಂತಾಯಿತು.

ಆ ವಾರ ಮುತ್ಯಾ ಬಂದಾಗ ಬಾಗಿಲು ತೆರೆದೆ. ಸಿಟ್ಟಿಗೇ ತೆರೆದದ್ದು. ಸುದ್ದಿ ಸುದ್ದಿ ಎಂದು ಯಾಕೆ ಪ್ರಾಣ ತಿನ್ನುತ್ತೀ, ಗಂಡನನ್ನೂ ಹಿಡಿದುಕೊಡಬೇಕೇನು ಎಂದು ಕೇಳಿದೆ.  ಅವನು ನನ್ನ ಹೆಗಲ ಮೇಲೆ ಕತ್ತು ಚೆಲ್ಲಿ ಬಿದ್ದಿದ್ದ ಮಗುವನ್ನು ನೋಡಿದ. ಅದರ ಬಾತುಕೊಂಡ ಕಾಲು ಹಿಡಿದು ಬೆರಳಿಂದ ಒತ್ತಿದ. ಒತ್ತಿದ ಕಡೆ ಬಿದ್ದ ಕುಳಿ ಏಳಲಿಲ್ಲ. ಹಾಗೇ ಕೆಳಗೆ ಕೂತುಬಿಟ್ಟ.

"ನಿಮ್ಮ ಮಾವಗ ಮಾತು ಕೊಟ್ಟೀನಿ, ಯವ್ವಾ. ಬರ ಬಂದಾಗ ಹೇಳು, ಮಗಗ ಬಿಟ್ಟು ಇನ್ಯಾರಿಗೂ ಹೇಳಬ್ಯಾಡ ಅಂದಿದ್ರು. ಅದಕ್ಕs ಅವನ ಹಾದಿ ಕಾಯಾಕತ್ತಿದ್ದೆ" ಎಂದ. ಮಗುವಿನ ಕಡೆ ನೋಡಿ, "ಸತ್ತ ಮ್ಯಾಲ ಅವರ ಮುಂದ ಹೋಗಿ ನಿಂತಾಗ ನಾನೇ ಜವಾಬು ಕೊಡ್ತೀನಿ" ಎಂದ. ಆಮೇಲೆ ಕೈ ಎತ್ತಿ ಒಳಗಿನ ಅಡುಗೆಮನೆ ತೋರಿಸಿದ. ನಮ್ಮ ಒಲೆಯ ಕೆಳಗೆ ಇನ್ನೊಂದು ಹಗೇವು ಇತ್ತು.

ಮಾವನವರು ಅದನ್ನು ತೋಡಿಸಿದ್ದು ನಾನು ಬರುವ ಮುಂಚೆ, ಅತ್ತೆ ತವರಿಗೆ ಹೋದಾಗ. ಮಗನ ಕೈ ಸಡಿಲು, ಗೊತ್ತಾದರೆ ಊರಿಗೆಲ್ಲ ಹಂಚಿಯಾನು ಎಂದು ಬದುಕಿರುವವರೆಗೆ ಬಾಯಿ ಬಿಟ್ಟಿರಲಿಲ್ಲ. ನಾನು ತಿಂಗಳುಗಟ್ಟಲೆ ಆ ಒಲೆಯ ಮುಂದೆ ಕೂತು ಹುಣಸೆಬೀಜ ಬೇಯಿಸಿದ್ದೆ. ಜೋಳದ ಮೇಲೆ ಕೂತು ಉಪವಾಸ ಬಿದ್ದಿದ್ದೆವು. ಅತ್ತೆ ಇದನ್ನು ಕೇಳಿ ಸತ್ತ ಗಂಡನನ್ನು ಮೊದಲ ಸಲ ಬೈದರು.

ತೆಗೆಯುವುದು ಸುಲಭವಿರಲಿಲ್ಲ. ಚಾವಡಿ ನಮ್ಮ ಓಣಿಯ ತುದಿಗೇ ಇತ್ತು. ಒಂದು ದಿನ ಬಾಯಿ ತೆರೆದಿಟ್ಟರೆ ವಾಸನೆ ಹೋಗಿ ಅವರನ್ನು ಕರೆದುಕೊಂಡು ಬರುತ್ತಿತ್ತು. ಅವರು ಮಧ್ಯಾಹ್ನ ಉಂಡು ಮಲಗುವ ಹೊತ್ತಿನಲ್ಲೇ ತೆರೆದು ಮುಚ್ಚಬೇಕು. ಮುತ್ಯಾ ಅದಕ್ಕೊಂದು ಉಪಾಯ ಹೇಳಿದ. ಕೆಂಡದ ಮೇಲೆ ಒಣಮೆಣಸಿನಕಾಯಿ ಸುಡು, ಕೇಳಿದವರಿಗೆ ಮಗುವಿಗೆ ದೃಷ್ಟಿಯಾಗಿದೆ, ತೆಗೆಯುತ್ತಿದ್ದೇನೆ ಅನ್ನು ಎಂದ. ಘಾಟಿಗೆ ಓಣಿಯೆಲ್ಲ ಕೆಮ್ಮುವಾಗ ಹಗೇವಿನ ವಾಸನೆ ಯಾರ ಮೂಗಿಗೂ ಹತ್ತುವುದಿಲ್ಲ.

ಮರುದಿನ ಮಧ್ಯಾಹ್ನ ಅವನು ಒಲೆ ಕಿತ್ತು ಕಲ್ಲು ಸರಿಸಿದ. ಅವನ ಬಲಗೈಯ ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದ್ದನ್ನು ಆಗ ನೋಡಿದೆ. ಚಾವಡಿಯ ಕೋಳಿ ಊಟ ಎಂಥದ್ದೆಂದು ಕೇಳದೆಯೇ ತಿಳಿಯಿತು. ಕುಸುಬಿ ಎಣ್ಣೆಯ ಹಣತೆ ಇಳಿಬಿಟ್ಟೆವು. ಒಂದು ಮೊಳ ಇಳಿಯುವಷ್ಟರಲ್ಲಿ ಆರಿತು. ಬೇವಿನ ಟೊಂಗೆ ಆಡಿಸಿದ. ಮತ್ತೆ ಇಳಿಬಿಟ್ಟರೆ ನಡುಮಟ್ಟ ಹೋಗಿ ಆರಿತು. ಕಾಯುವಾಗ ನಾನು, ಅಂಗಳದ ಹಗೇವು ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವನ ಮುಖ ನೋಡಿ ಕೇಳುವ ಧೈರ್ಯವಿರಲಿಲ್ಲ, ಟೊಂಗೆ ನೋಡುತ್ತ ಕೇಳಿದೆ.

"ನೀರು ಸುರೂತಾರವ್ವಾ. ಕೆಳಗ ಹಗೇವಿದ್ದಲ್ಲಿ ನೀರು ಲಗೂನ ಇಂಗತದ" ಎಂದ.

ಕೊಡಗಟ್ಟಲೆ ನೀರಿನ ಸಪ್ಪಳ ನನ್ನ ಕಿವಿಗೆ ಮತ್ತೆ ಬಂತು. ಬಾವಿಕಟ್ಟೆಯಲ್ಲಿ ಆ ಮಾತು ಆಡಿದವಳು ನಾನೇ ಎಂದೆ. ಅವನು ಗೊತ್ತದ ಎಂದಷ್ಟೇ ಹೇಳಿ ಹಣತೆಯ ಬತ್ತಿ ಸರಿಮಾಡಿದ.

ಮೂರನೆಯ ಸಲ ದೀಪ ತಳದ ಹತ್ತಿರ ಹೋಗಿ ಸಣ್ಣಗಾಯಿತು. ಆರಲಿಲ್ಲ, ನೆಟ್ಟಗೆ ಉರಿಯಲೂ ಇಲ್ಲ. ಅಂಥ ದೀಪ ನೋಡಿದರೆ ಅವನು ಬೇರೆ ದಿನಗಳಲ್ಲಿ ಎಲೆ ಅಡಿಕೆ ತೆಗೆಯುತ್ತಿದ್ದ. ಅಂದು ಕಿಟಕಿಯಿಂದ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿದ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದುಬಿಟ್ಟ. ಒಮ್ಮೆ ಜಗ್ಗಿದರೆ ಬುಟ್ಟಿ ಎಳೆಯಬೇಕು, ಎರಡು ಸಲ ಜಗ್ಗಿದರೆ ಅವನನ್ನು ಎಳೆಯಬೇಕು. ಬುಟ್ಟಿ ಬಂದವು. ಎರಡು ಬಂದವು, ನಾಲ್ಕು ಬಂದವು, ಏಳು ಬಂದವು. ಎಂಟನೆಯದಕ್ಕೆ ಹಗ್ಗ ಅಲುಗಲಿಲ್ಲ. ಕೂಗಿದೆ, ಜವಾಬಿಲ್ಲ. ಉಪವಾಸದ ಇಬ್ಬರು ಹೆಂಗಸರು ಒಬ್ಬ ಗಂಡಸನ್ನು ಹೇಗೆ ಎಳೆದೆವೋ ನನಗೆ ಇವತ್ತಿಗೂ ತಿಳಿಯದು. ಮೇಲೆ ಬಂದಾಗ ಅವನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಖಕ್ಕೆ ನೀರು ಹೊಡೆದು ಗಾಳಿ ಬೀಸಿದೆವು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಮುಷ್ಟಿ ಬಿಚ್ಚಿ ಅದರಲ್ಲಿದ್ದ ಕಾಳು ಮೂಸಿದ. "ಜ್ವಾಳ ಭಾಳ ಚೊಲೋ ಅದ" ಎಂದ.

ಬಿಸಿಲು ಇಳಿಯುವುದರೊಳಗೆ ತಾನೇ ಕಲ್ಲು ಮುಚ್ಚಿ ಒಲೆ ಕಟ್ಟಿದ. ಹೊರಡುವಾಗ ನಾನು, ನಾಳೆ ಬಾವಿಕಟ್ಟೆಯಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ ಎಂದೆ. ಅವನು ತಲೆ ಆಡಿಸಿದ. "ಹೇಳಬ್ಯಾಡ. ನಿನಗ ಹ್ಯಾಂಗ ತಿಳೀತು ಅಂತ ಕೇಳ್ತಾರ. ಅಲ್ಲಿಂದ ಮಾತು ಒಲಿಗಿ ಬರತದ. ನನಗ ಯಾರೂ ಮಾತಾಡಿಸದಿದ್ರ ನಡೀತದ, ಕೂಸಿಗಿ ನಡ್ಯಾಂಗಿಲ್ಲ."

ಮಗಳು ಉಳಿದಳು. ಬೀಸಿದರೆ ಸಪ್ಪಳ ಕೇಳಿಸುತ್ತದೆಂದು ಇಡಿಯ ಜೋಳವನ್ನೇ ನೆನೆಹಾಕಿ ಗುಗ್ಗರಿ ಮಾಡಿದೆವು. ಓಣಿಯವರಿಗೆ ಒಂದು ಹಿಡಿಯನ್ನೂ ಕೊಡಲಿಲ್ಲ. ಅದನ್ನೂ ಇಲ್ಲಿ ಬರೆದಿಡಬೇಕು. ಮುತ್ಯಾನಿಗೆಂದು ಹಿತ್ತಲ ಗೋಡೆಯ ಮೇಲೆ ಎಲೆಯಲ್ಲಿ ಸುತ್ತಿ ಇಡುತ್ತಿದ್ದೆ. ಒಂದು ದಿನ ಒಯ್ದರೆ ಎರಡು ದಿನ ಅಲ್ಲೇ ಇರುತ್ತಿತ್ತು. ದಾರಿಯಲ್ಲಿ ಎದುರಾದರೆ ನಾನೂ ಎಲ್ಲರಂತೆ ಮುಖ ತಿರುಗಿಸಿ ಹೋಗುತ್ತಿದ್ದೆ. ಅವನು ಹಾಗೇ ಮಾಡು ಎಂದಿದ್ದ, ಖರೆ. ಆದರೆ ಮುಖ ತಿರುಗಿಸಿದ್ದು ನನ್ನದೇ ಕತ್ತು. ಅವನ ಕೆಮ್ಮು ವಾರದಿಂದ ವಾರಕ್ಕೆ ಹೆಚ್ಚುತ್ತಿತ್ತು. ಒಂದೇ ಸಲ ಇಳಿದದ್ದಕ್ಕೆ ಇಷ್ಟು ಕೆಮ್ಮೇ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆ ತಿಂಗಳು ಓಣಿಯಲ್ಲಿ ಮಧ್ಯಾಹ್ನ ಮೇಲಿಂದ ಮೇಲೆ ಮೆಣಸಿನಕಾಯಿ ಘಾಟು ಬರುತ್ತಿತ್ತು. ಎಲ್ಲರ ಮಕ್ಕಳೂ ಬೇನೆ ಬಿದ್ದಿದ್ದಾವೆ ಎಂದು ಅತ್ತೆ ಮರುಗುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡ. ಗೋಡೆಯ ಮೇಲಿನ ಎಲೆ ಮೂರು ದಿನ ಹಾಗೇ ಇದ್ದದ್ದು ನೋಡಿ ನಾನೇ ಗುಡಿಸಲಿಗೆ ಹೋದೆ. ಗೋಡೆಗೆ ಮೊಣಕೈ ಆನಿಸಿ ಕೂತ ಹಾಗೇ ಇದ್ದ. ಪಕ್ಕದಲ್ಲಿ ಹಗ್ಗ ಸುರುಳಿ ಸುತ್ತಿಟ್ಟಿತ್ತು. ಮಣ್ಣಿಗೆ ಬಂದವರು ತೆಗ್ಗು ತೋಡಿದವನು, ನೆರೆಮನೆಯ ಪಿಂಜಾರ ಮುದುಕ, ಅತ್ತೆ ಮತ್ತು ನಾನು. ಗಂಡ ಸತ್ತ ಮೇಲೆ ಹೊಸ್ತಿಲು ದಾಟದಿದ್ದ ಅತ್ತೆ ಅಂದು ನನ್ನ ತೋಳು ಹಿಡಿದು ಸೀರೆ ಸೆರಗಿನಲ್ಲಿ ಹಣತೆ ಕಟ್ಟಿಕೊಂಡು ಬಂದಿದ್ದರು. ಅದನ್ನು ಹಚ್ಚಿ ಹಗ್ಗಕ್ಕೆ ಕಟ್ಟಿ ತೆಗ್ಗಿನೊಳಗೆ ಇಳಿಬಿಟ್ಟರು. ತೋಡಿದವನು ಇದೇನು ಎಂದು ನೋಡಿದ. ದೀಪ ನೆಟ್ಟಗೆ ಉರಿಯಿತು. "ಈಗ ಇಳಸ್ರಿ" ಎಂದರು ಅತ್ತೆ.

ಅವನು ಹೋದ ಎರಡು ವಾರಕ್ಕೆ ಆಕಾಶದಲ್ಲಿ ವಿಮಾನ ಹಾರಿದವು, ಹೊರಗಿನ ಫೌಜು ಬಂತು. ಬಂದೂಕಿನವರು ಎಲ್ಲಿ ಹೋದರೋ ಕಾಣಲಿಲ್ಲ. ಗಡಿ ದಾಟಿದ್ದ ಗಂಡಸರು, ನನ್ನ ಗಂಡನೂ, ಒಬ್ಬೊಬ್ಬರಾಗಿ ತಿರುಗಿ ಬಂದರು. ವಾಡಿಯಿಂದ ಗಾಡಿಯಲ್ಲಿ ಉಪ್ಪು ಬಂದ ದಿನ ಹೆಂಗಸರೆಲ್ಲ ಬಾವಿಕಟ್ಟೆಯಲ್ಲಿ ಸೇರಿ, ಉಪ್ಪಿನ ಹರಳು ಬಾಯಿಗೆ ಹಾಕಿಕೊಂಡು ಮಕ್ಕಳಂತೆ ಚೀಪುತ್ತಿದ್ದರು. ಅಲ್ಲೇ ನಿಂತು ನಾನು ಎಲ್ಲವನ್ನೂ ಹೇಳಿದೆ. ನೀರು ಸುರಿದದ್ದು, ಒಲೆ ಕಿತ್ತದ್ದು, ಅವನ ಬೆರಳು, ನನ್ನ ಸುಳ್ಳು. ಬೈದಾರು, ಬೈಯಲಿ ಎಂದೇ ಹೇಳಿದೆ.

ಯಾರೂ ಬೈಯಲಿಲ್ಲ. ಎದುರುಮನೆಯ ಬಡಿಗೇರ ಸೊಸೆ ಕೊಡವನ್ನು ಕೆಳಗಿಟ್ಟಳು. "ನಮ್ಮ ಮನ್ಯಾಗ ದನದ ಕೊಟಗ್ಯಾಗ ಇನ್ನೊಂದು ಹಗೇವು ಇತ್ತು. ಯಾರ ಮುಂದೂ ಹೇಳಬ್ಯಾಡ ಅಂದಿದ್ದ" ಎಂದಳು. ಪಿಂಜಾರರ ಸೊಸೆ ಸೆರಗು ಬಾಯಿಗೆ ಹಿಡಿದು, "ಮೆಣಸಿನಕಾಯಿ ನಾನೂ ಸುಟ್ಟೀನಿ" ಎಂದಳು. ಆಮೇಲೆ ಇನ್ನಿಬ್ಬರು ತಲೆ ತಗ್ಗಿಸಿದರು. ಅವನು ನಮ್ಮ ಓಣಿಯಲ್ಲಿ ಐದು ಹಗೇವು ತೆಗೆದಿದ್ದ. ಐದಕ್ಕೂ ಗಾಳಿ ತಿಳಿಯಾಗುವ ಮುಂಚೆಯೇ ಇಳಿದಿದ್ದ. ತಮಗೊಬ್ಬರಿಗೇ ಗೊತ್ತು ಎಂದುಕೊಂಡು ಐದೂ ಮನೆಯವರು ಅವನ ಎದುರು ಮುಖ ತಿರುಗಿಸಿದ್ದೆವು, ಕೂಡಿದಲ್ಲಿ ಅವನನ್ನು ಬೈದಿದ್ದೆವು. ಅವನ ಹೆಸರಿನಲ್ಲಿ ಏನಾದರೂ ಮಾಡಿಸಬೇಕು ಎಂದು ಒಬ್ಬಳು ಅಂದಳು. ಹೆಸರೇನು ಎಂದು ಇನ್ನೊಬ್ಬಳು ಕೇಳಿದಳು. ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಸೇಡಂನ ಅವಳ ಮನೆಯಲ್ಲಿ ಗ್ಯಾಸಿನ ಒಲೆ, ಕಪಾಟಿನಲ್ಲಿ ಪಾಕೀಟಿನ ಜೋಳದ ಹಿಟ್ಟು. ಯಾರಾದರೂ ಮಗುವಿಗೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ಸುಟ್ಟರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮುದುಕಿಗೆ ಘಾಟು ಆಗುವುದಿಲ್ಲ ಎಂದು ಅವರು ತಿಳಿದಿದ್ದಾರೆ. ನಾನು ಹೋಗುವುದು ಓಣಿಯ ತಿರುವಿನವರೆಗೆ. ಅಲ್ಲಿ ನಿಂತು, ಅಂದು ಆಡದೆ ಬಿಟ್ಟ ಮಾತನ್ನು ಆಡುತ್ತೇನೆ. ಬಾ ಮುತ್ಯಾ, ಒಳಗ ಬಾ, ನೀರು ತುಂಬಿಟ್ಟೀನಿ ಎನ್ನುತ್ತೇನೆ.